ಅತ್ತಿಗೆಯ ಮಣ್ಣು, ನನ್ನ ನಿರ್ಮಾಲ್ಯ

ಪತ್ರೊಡೆಗೆಂದು ಕೆಸುವಿನ ಎಲೆಯ ಬೆನ್ನಿನ ದಪ್ಪ ನಾರನ್ನು ಚೂರಿಯಿಂದ ಹೆರೆದು, ಎರಡು ಎಲೆಗೆ ಹಿಟ್ಟು ಸವರಿ ಮೂರನೆಯದನ್ನು ಹಾಸಿಕೊಂಡಿದ್ದೆ. ಎರಡೂ ಕೈ ಮಣಿಕಟ್ಟಿನವರೆಗೆ ಹಿಟ್ಟು. ಆಗಲೇ ಫ್ರಿಜ್ಜಿನ ಮೇಲಿದ್ದ ಅತ್ತಿಗೆಯ ಮೊಬೈಲು ಬಡಿದುಕೊಳ್ಳತೊಡಗಿತು.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಮದುವೆಯಾಗದೆ ನಮ್ಮ ಜೊತೆಯಲ್ಲೇ ಡೊಂಬಿವಲಿಯಲ್ಲಿ ಇರುವವರು. ಠಾಣೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದರು. ನಿವೃತ್ತರಾದದ್ದು ಕಾಲೇಜಿನಿಂದ ಮಾತ್ರ, ಗಿಡಗಳಿಂದ ಅಲ್ಲ. ಅವತ್ತು ಬೆಳಿಗ್ಗೆಯೇ ಯಾವುದೋ ಗುಡ್ಡವನ್ನು ಉಳಿಸುವ ಅರ್ಜಿ ಹಿಡಿದು ಬೇಲಾಪುರದ ಸರಕಾರಿ ಕಚೇರಿಗೆ ಹೋಗಿದ್ದರು. ನೂರಾರು ಗಿಡಗಳ ಲ್ಯಾಟಿನ್ ಹೆಸರು ಬಾಯಲ್ಲೇ ಇರುವ ಹೆಂಗಸಿಗೆ ಮೊಬೈಲು ಎಲ್ಲಿಟ್ಟೆ ಎಂಬುದು ಮಾತ್ರ ನೆನಪಿರುವುದಿಲ್ಲ. ಅವತ್ತು ಮರೆತದ್ದು ದೇವರ ದಯೆ ಎಂದು ಆಮೇಲೆ ನನಗೆ ಅನ್ನಿಸಿತು.

ಮೊಣಕೈಯಿಂದ ಮೊಬೈಲನ್ನು ಅಂಚಿಗೆ ತಳ್ಳಿ, ಮೂಗಿನ ತುದಿಯಿಂದ ಹಸಿರು ಗುಂಡಿಯನ್ನೂ ಸ್ಪೀಕರನ್ನೂ ಒತ್ತಿದೆ.

"ಕಾಕೂ, ಮ್ಯಾಡಮ್ ಆಹೇತ್ ಕಾ?"

ಅತ್ತಿಗೆಯ ಹಳೆಯ ವಿದ್ಯಾರ್ಥಿನಿ. ಈಗ ಅವಳೂ ಪ್ರೊಫೆಸರ್. ಮರಾಠಿ ಮನೆಯವಳಾದರೂ ನಮ್ಮ ಮನೆಯ ಇಡ್ಲಿ ತಿನ್ನುತ್ತ ಅರ್ಧ ಕನ್ನಡ ಕಲಿತಿದ್ದಾಳೆ. ಮ್ಯಾಡಮ್ ಇಲ್ಲ ಎಂದರೂ ಅವಳಿಗೆ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಮ್ಯಾಡಮ್ ಕೈಯಲ್ಲಿ ಕಲಿತವರೆಲ್ಲ ಸೇರಿ ಅವರ ಗೌರವಕ್ಕೆ ಠಾಣೆಯಲ್ಲಿ ಒಂದು ದಿನದ ಸೆಮಿನಾರ್ ಇಟ್ಟಿದ್ದಾರೆ, ಮೊದಲ ಮಾತೇ ಗುಡ್ಡದ ಮಣ್ಣಲ್ಲಿ ತುಳಸಿ ಮೊಳೆತದ್ದರ ಬಗ್ಗೆ ಮ್ಯಾಡಮ್ ಹಿಂದೆ ಬರೆದ ಪ್ರಬಂಧದ ಕುರಿತು. ಇನ್ನೂ ದೊಡ್ಡ ಖುಷಿಯೆಂದರೆ ಅವಳ ಹತ್ತಿರ ಒಬ್ಬಳು ಹುಡುಗಿ ಪಿಎಚ್‌ಡಿಗೆ ಸೇರುತ್ತಿದ್ದಾಳೆ, ಅದೂ ಆ ತುಳಸಿಯ ಮೇಲೆಯೇ.

"ಸೋಮವಾರ ಫಾರ್ಮ್ ಕೊಡ್ತಾಳೆ ಕಾಕೂ. ಮೂರು ವರ್ಷ ಗುಡ್ಡದಲ್ಲಿ ಜಾಗ ಜಾಗದ ಮಣ್ಣು ತೆಗೀತಾಳೆ. ತುಳಸಿ ಎಲ್ಲಿ ಮೊಳೀತದೋ ಅಲ್ಲಿ ಹಳೇ ಕಾಲದ ಮನೆ ಇತ್ತು ಅಂತ. ಮ್ಯಾಡಮ್ ಹೇಳಿದ್ದೇ ಅದು, ಮನೆ ಹೋದ್ರೂ ಅಂಗಳದ ತುಳಸಿ ಮಣ್ಣಲ್ಲಿ ಮಲಗಿರ್ತದೆ ಅಂತ."

"ಮೂರು ವರ್ಷ ಯಾಕೆ ಮಗಾ?" ಎಂದೆ ನಾನು ನಗುತ್ತ. "ತುಳಸಿ ನಮ್ಮ ಗ್ಯಾಲರಿಯಲ್ಲಿ ಎಲ್ಲಿ ಬೇಕಾದರೂ ಹುಟ್ತದೆ. ಅತ್ತಿಗೆ ಮಣ್ಣು ಹರಡಿಟ್ಟ ತಟ್ಟೆಗೂ ನಮ್ಮ ಕುಂಡದ್ದೇ ಬೀಜ ಹಾರಿ ಬಿದ್ದಿರಬಹುದು."

"ನಾಹೀ ಕಾಕೂ. ಅದಕ್ಕೇ ತಾನೆ ಹುರಿದ ಮಣ್ಣಿನ ಟ್ರೇ ಇಟ್ಟದ್ದು? ಹುರಿದ ಮಣ್ಣಲ್ಲಿ ಬೀಜ ಸತ್ತಿರ್ತದೆ. ಅದರಲ್ಲಿ ಏನಾದ್ರೂ ಬಂತು ಅಂದ್ರೆ ಹೊರಗಿಂದ ಬಿದ್ದದ್ದು. ತುಳಸಿ ಹುರಿದ ಮಣ್ಣಲ್ಲಿ ಒಂದೂ ಬರ್ಲಿಲ್ಲ, ಗುಡ್ಡದ ಮಣ್ಣಲ್ಲಿ ಮಾತ್ರ ಬಂತು. ಪಕ್ಕಾ ಗುಡ್ಡದ್ದೇ."

ಅವಳು ಫೋನ್ ಇಟ್ಟ ಮೇಲೆ ನಾನು ಹಿಟ್ಟಿನ ಕೈಯಲ್ಲೇ ಕುಳಿತೆ. ಹುರಿದ ಮಣ್ಣು ಇರುವೆ ಓಡಿಸುವುದಕ್ಕೆ ಎಂದು ಇಷ್ಟು ವರ್ಷ ತಿಳಿದಿದ್ದವಳು ನಾನು. ಅದು ಸಾಕ್ಷಿ ಹೇಳುವುದಕ್ಕೆ ಇಟ್ಟದ್ದು ಎಂದು ಗೊತ್ತಾದ ಕೂಡಲೇ ಉಳಿದದ್ದೂ ಗೊತ್ತಾಯಿತು. ಆ ಸಾಕ್ಷಿ ಸುಳ್ಳು ಹೇಳುವ ಹಾಗೆ ಮಾಡಿದವಳು ನಾನೇ.

ನಾನು ಮದುವೆಯಾಗಿ ಡೊಂಬಿವಲಿಗೆ ಬಂದ ಹೊಸತು. ಗಂಡ ಕಲ್ಯಾಣದ ನಮ್ಮ ಹೋಟೆಲಿಗೆ ನಸುಕಿನಲ್ಲೇ ಹೊರಡುತ್ತಿದ್ದರು. ಅವರ ಹಿಂದೆಯೇ ಅತ್ತಿಗೆ ಹೆಗಲಿಗೆ ಖಾಲಿ ಚೀಲ ಸಿಕ್ಕಿಸಿಕೊಂಡು ಹೊರಡುವರು.

"ನೀವು ಗುಡ್ಡದಲ್ಲಿ ಎಂತ ಮಾಡುದು ಅತ್ತಿಗೆ?" ಎಂದು ಒಂದು ದಿನ ಕೇಳಿದೆ.

"ಕಲ್ಲು ಒಡೆದು ಬಿಟ್ಟುಹೋದ ಜಾಗದಲ್ಲಿ ಯಾವ ಗಿಡ ಮೊದಲು ಬರ್ತದೆ ಅಂತ ನೋಡುದು."

"ನೋಡಿ?"

"ಬರೆಯುದು."

"ಬರೆದು?"

"ಮರುವರ್ಷ ಹೋಗಿ ಪುನಃ ನೋಡುದು."

ಇದಕ್ಕೆ ಸಂಬಳ ಕೊಡುವವರಿದ್ದಾರಲ್ಲ ಎಂದು ದೇವರಿಗೆ ಕೈಮುಗಿದೆ.

ಮಹಾಪೆಯ ಹಿಂದಿನ ಗುಡ್ಡದಿಂದ ಅವರು ಮಣ್ಣು ತರತೊಡಗಿದ್ದು ಆಗ. ಗುಡ್ಡದ ಮಣ್ಣಲ್ಲಿ ಯಾವ ಯಾವ ಬೀಜ ಮಲಗಿದೆ ಎಂದು ತಿಳಿಯಬೇಕಿತ್ತಂತೆ. ಅದಕ್ಕೆ ಉಪಾಯ ಒಂದೇ, ಮಣ್ಣನ್ನು ಹರಡಿ, ನೀರು ಹಾಕಿ, ಎದ್ದು ಬಂದವರ ಹೆಸರು ಬರೆದುಕೊಳ್ಳುವುದು. ಕಾಲೇಜಿನ ಟೆರೇಸು ಸೋರುತ್ತಿದ್ದುದರಿಂದ ನಮ್ಮ ಮೂರನೆಯ ಮಹಡಿಯ ಗ್ಯಾಲರಿಯೇ, ಅಂದರೆ ಬಾಲ್ಕನಿಯೇ, ಗತಿ. ಅಕ್ಕಿಚೀಲದಲ್ಲಿ ಮಣ್ಣು ತುಂಬಿ, ಘಣಸೋಲಿಯಲ್ಲಿ ಲೋಕಲ್ ರೈಲು ಹತ್ತಿ, ಠಾಣೆಯಲ್ಲಿ ಬದಲಿಸಿ, ಲೇಡೀಸ್ ಡಬ್ಬದಲ್ಲಿ ಕಾಲ ಬುಡಕ್ಕೆ ಇಟ್ಟುಕೊಂಡು ಬರುವರು. "ಕಾಯ್ ವಿಕತಾ ಹೋ?" ಎಂದು ಪಕ್ಕದವರು ಕೇಳಿದರೆ "ಮಾತಿ" ಎನ್ನುವರು. ಏನು ಮಾರುತ್ತೀರಿ, ಮಣ್ಣು. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯೆಂದುಕೊಂಡು ಒಬ್ಬಾಕೆ ಕರ್ಚೀಫಿನಲ್ಲಿ ಒಂದು ಹಿಡಿ ಕಟ್ಟಿಸಿಕೊಂಡು ಹೋದಳಂತೆ. ಅತ್ತಿಗೆ ಕೊಟ್ಟರು, ಆಮೇಲೆ ಆ ಒಂದು ಹಿಡಿಯನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಅವರ ಲೆಕ್ಕವೇ ಹಾಗೆ. ಕಂಡದ್ದನ್ನು ಪೆನ್ನಿನಲ್ಲಿ ಬರೆಯಬೇಕು, ಅಂದುಕೊಂಡದ್ದನ್ನು ಪೆನ್ಸಿಲಿನಲ್ಲಿ. ಅವರ ವಿದ್ಯಾರ್ಥಿಗಳೆಲ್ಲ ಇವತ್ತಿಗೂ ಜೇಬಿನಲ್ಲಿ ಎರಡನ್ನೂ ಇಟ್ಟುಕೊಂಡು ಓಡಾಡುತ್ತಾರೆ. ನನಗೂ ಅಂಟಿದೆ. ಡಬ್ಬದಲ್ಲಿ ಸಾಸಿವೆ ಮುಗಿದದ್ದು ಪೆನ್ನು, ಗಂಡ ತಂದಾರು ಎಂಬುದು ಪೆನ್ಸಿಲು.

ಹೋಟೆಲಿನಲ್ಲಿ ಮೈಸೂರುಪಾಕು ಸುರಿಯುವ ಹಳೆಯ ತಟ್ಟೆಗಳಿಗೆ ಮೊಳೆಯಿಂದ ತೂತು ಹೊಡೆದು ಮಣ್ಣು ಹರಡಿದರು. ಅಷ್ಟಾದರೆ ಸರಿ. ಒಂದು ಭಾನುವಾರ ಬಾಣಲೆ ಕೇಳಿದರು.

"ಎಂತ ಹುರೀಲಿಕ್ಕೆ?"

"ಮಣ್ಣು."

"ನನ್ನ ಒಲೆಯಲ್ಲಿ ಮಣ್ಣು ಹುರೀಲಿಕ್ಕೆ ಬಿಡುದಿಲ್ಲ ಅತ್ತಿಗೆ. ದೇವರ ನೈವೇದ್ಯ ಆಗುವ ಒಲೆ ಅದು."

"ದೇವರು ಕೃಷ್ಣ ಅಲ್ವಾ? ಅವನು ಮಣ್ಣು ತಿಂದವನೇ."

ಕೊನೆಗೆ ಗ್ಯಾಲರಿಯಲ್ಲಿ ಸೀಮೆಎಣ್ಣೆ ಸ್ಟವ್ ಹಚ್ಚಿ, ಒಡೆದ ಹಿಡಿಯ ಹಳೇ ಬಾಣಲೆಯಲ್ಲಿ ಹುರಿದರು. ಹೊಸ ಮಳೆಯ ವಾಸನೆ ಇಡೀ ಸೊಸೈಟಿಯ ಮನೆಗಳಿಗೆ ಹಬ್ಬಿತು. "ಕಾಯ್ ಭಾಜತಾಯ್ ವಹಿನಿ?" ಎಂದು, ಏನು ಹುರಿಯುತ್ತಿದ್ದೀರಿ ಎಂದು, ಪಕ್ಕದ ಮನೆಯಾಕೆ ತಟ್ಟೆ ಹಿಡಿದೇ ಬಂದಳು. ಹುರಿದ ಮಣ್ಣು ಬೇರೆ ತಟ್ಟೆಗಳಿಗೆ ಹೋಯಿತು. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ದಿನಾ ಎಲ್ಲ ತಟ್ಟೆಗೂ ನೀರು ಚಿಮುಕಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.

ಇನ್ನು ನಿರ್ಮಾಲ್ಯದ ಕತೆ. ದೇವರ ಮೇಲಿಂದ ತೆಗೆದ ಹೂವು ತುಳಸಿಯನ್ನು ಕಾಲು ತುಳಿಯುವಲ್ಲಿ ಹಾಕಬಾರದು, ಕಸದ ಜೊತೆ ಸೇರಿಸಬಾರದು. ತುಳಸಿಯ ಬುಡಕ್ಕೂ ಬೇಡ, ಅವಳೂ ದೇವರೇ ಎಂದು ಉಡುಪಿಯಲ್ಲಿದ್ದ ಅತ್ತೆ ಹೇಳಿ ಕಳಿಸಿದ್ದರು. ಊರಿನಲ್ಲಿ ಬಾವಿಕಟ್ಟೆಯ ಆಚೆ ಒಂದು ಮರದ ಬುಡವಾದರೂ ಇತ್ತು. ಇಲ್ಲಿ ಎಲ್ಲರ ಹಾಗೆ ನಾವೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ರೈಲು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆ ದಾಟುವಾಗ ನೀರಿಗೆ ಎಸೆಯುವುದು. ಠಾಣೆಗೆ ಹೋಗುವ ದಿನ ಗಂಡನ ಕೈಗೆ ಚೀಲ ಕೊಡುತ್ತಿದ್ದೆ. ಒಂದು ಸಲ ಅವರು ಎಸೆದದ್ದು ಗಾಳಿಗೆ ತಿರುಗಿ, ಅದೇ ಡಬ್ಬದ ಹಿಂದಿನ ಬಾಗಿಲಲ್ಲಿ ನಿಂತವರ ಬಿಳಿ ಶರ್ಟಿಗೆ ಬಡಿದು ಒಡೆಯಿತು. ಕುಂಕುಮದ ನೀರು. ಅಲ್ಲಿಂದ ಮುಂದೆ ಎಷ್ಟೋ ದಿನ ಗಂಡ ಬೇರೆ ಡಬ್ಬ ಹತ್ತುತ್ತಿದ್ದರು.

ಇದನ್ನು ಊಟಕ್ಕೆ ಕುಳಿತಾಗ ಹೇಳಿ ನಗುತ್ತಿದ್ದರೆ ಅತ್ತಿಗೆಗೆ ಸಿಟ್ಟು ಬಂತು.

"ಖಾಡಿಗೆ ಎಸೆದದ್ದು ದೇವರಿಗೆ ಮುಟ್ಟುದಿಲ್ಲ, ಏಡಿಗೆ ಮುಟ್ತದೆ. ಪ್ಲಾಸ್ಟಿಕ್ಕೆಲ್ಲ ಹೋಗಿ ಅಲ್ಲಿಯ ಗಿಡದ ಬೇರಿಗೆ ಸುತ್ತಿಕೊಳ್ತದೆ. ಇನ್ನು ಮುಂದೆ ಮಣ್ಣಿಗೆ ಹಾಕು. ಎಂತ ಹಾಕಿದ್ರೂ ಮಣ್ಣು ನೋಡಿಕೊಳ್ತದೆ."

ನಾನು ಹಿರಿಯರ ಮಾತು ಮೀರುವವಳಲ್ಲ. ಮೂರನೆಯ ಮಹಡಿಯಲ್ಲಿ ಮಣ್ಣು ಎಂದರೆ ಅತ್ತಿಗೆಯ ತಟ್ಟೆಗಳೇ. ಮರುದಿನದಿಂದ ತಟ್ಟೆಯಲ್ಲಿ ಹಿಡಿಸದ ಹೂವನ್ನು ಕೆಳಗೆ ಸೊಸೈಟಿಯ ದಾಸವಾಳದ ಬುಡಕ್ಕೆ ಒಯ್ದು ಹಾಕಿದೆ, ತುಳಸಿಯನ್ನು ಮಾತ್ರ ತುದಿಯ ಹೂಕದಿರು ಸಮೇತ ಬೆರಳಲ್ಲಿ ತಿಕ್ಕಿ ತಟ್ಟೆಯ ಮಣ್ಣಿಗೆ ಬೆರೆಸಿದೆ. ಗುಡ್ಡದ ಮಣ್ಣಿನ ತಟ್ಟೆಗಳಿಗೆ ಮಾತ್ರ. ಹುರಿದ ಮಣ್ಣಿಗೆ ಹಾಕಲು ಮನಸ್ಸು ಬರಲಿಲ್ಲ. ಬೆಂಕಿ ಕಂಡ, ಸುಟ್ಟ ಮಣ್ಣು. ಅಂಥಲ್ಲಿ ಕೃಷ್ಣನ ಮೈಮೇಲಿನ ತುಳಸಿಯನ್ನು ಹೇಗೆ ಹಾಕುವುದು?

ಕೆಲವು ವಾರ ಕಳೆದು ಅತ್ತಿಗೆ ಗ್ಯಾಲರಿಯಿಂದ ನನ್ನನ್ನು ಕರೆದರು. ಮಂಡಿಯೂರಿ ಕುಳಿತಿದ್ದರು, ಕನ್ನಡಕ ಮೂಗಿನ ತುದಿಯಲ್ಲಿ.

"ಇದು ಎಂತ ಹೇಳು?"

"ತುಳಸಿ."

"ಗುಡ್ಡದಲ್ಲಿ ತುಳಸಿ ಉಂಟಾ? ನಾನು ಇಷ್ಟು ವರ್ಷದಲ್ಲಿ ಒಂದು ಕಾಣಲಿಲ್ಲ. ಅಂದ್ರೆ ಯಾವ ಕಾಲದ್ದೋ ಅಂಗಳದ್ದು ಮಲಗಿದೆ ಮಾರಾಯ್ತಿ."

ಕೈಮುಗಿಯದ ಅತ್ತಿಗೆಯ ಮಣ್ಣಿನಲ್ಲಿ ತುಳಸಿಯೇ ಎದ್ದು ಬಂದಳಲ್ಲ ಎಂದು ನನಗೆ ಕಣ್ಣು ತುಂಬಿತು. ತಿಕ್ಕಿ ಹಾಕಿದ ತುಳಸಿಗೂ ಎದ್ದು ಬಂದ ತುಳಸಿಗೂ ಸಂಬಂಧ ಕಲ್ಪಿಸುವಷ್ಟು ಬುದ್ಧಿ ಓಡಲಿಲ್ಲ. ನನ್ನ ಮಟ್ಟಿಗೆ ಒಂದು ಪೂಜೆಯ ಕೆಲಸ, ಇನ್ನೊಂದು ಕಾಲೇಜಿನ ಕೆಲಸ.

ಆ ಪ್ರಬಂಧ ಅಚ್ಚಾದಾಗ ಕೊನೆಯಲ್ಲಿ ನನಗೂ ಒಂದು ಸಾಲು ಇತ್ತು, ತಟ್ಟೆಗಳಿಗೆ ತಪ್ಪದೆ ನೀರು ಹಾಕಿದ್ದಕ್ಕೆ ತಮ್ಮನ ಹೆಂಡತಿಗೆ ಕೃತಜ್ಞತೆ ಎಂದು. ಅದನ್ನು ದೇವರ ಮುಂದೆ ಇಟ್ಟು ಗಂಧ ಹಚ್ಚಿದ್ದೆ. ಮುಂದೆ ಯಾರೋ ಎಲ್ಲಿಂದಲೋ ಅದನ್ನು ಓದಿ ಕಾಗದ ಬರೆದರು. ಪಾಠದಲ್ಲಿ ಸೇರಿಸಿದರು. ಅತ್ತಿಗೆ ಎಂದರೆ ತುಳಸಿ, ತುಳಸಿ ಎಂದರೆ ಅತ್ತಿಗೆ ಎಂದಾಯಿತು. ಅವರ ಹವಾ ಸೊಸೈಟಿಯಲ್ಲೂ ಕಡಿಮೆಯಿಲ್ಲ. ಕಾಂಪೌಂಡಿನ ಹುಲ್ಲು ಕೊಯ್ಯಿಸುವ ಮುಂಚೆ ಸೆಕ್ರೆಟರಿ ಮೂರನೆಯ ಮಹಡಿಗೆ ಬಂದು ಒಪ್ಪಿಗೆ ಕೇಳುತ್ತಾರೆ.

ಅವತ್ತು ಅತ್ತಿಗೆ ಬೇಲಾಪುರದಿಂದ ಬರುವಾಗ ಸಂಜೆ ದೀಪ ಹಚ್ಚುವ ಹೊತ್ತು. ಸೀರೆಯಂಚಿಗೆ ಯಥಾಪ್ರಕಾರ ಯಾವುದೋ ಹುಲ್ಲಿನ ಮುಳ್ಳು. ಅರ್ಜಿಗೆ ಸಿಕ್ಕಾ ಒತ್ತಿ ಕೊಟ್ಟರೆಂದು ಖುಷಿಯಲ್ಲಿದ್ದರು. ನಾನು ದೀಪ ಹಚ್ಚಿ, ನಾಲಿಗೆಗೆ ಬಲ ಕೊಡು ಎಂದು ಬೇಡಿಕೊಂಡು, ಕಾಫಿ ತಂದು ಇಟ್ಟೆ. ಫೋನಿನ ಸುದ್ದಿಯನ್ನೆಲ್ಲ ಹೇಳಿದೆ. ಅವರು ನಾಚಿಕೊಂಡರು. ಅತ್ತಿಗೆ ನಾಚಿದ್ದನ್ನು ಮೊದಲ ಸಲ ನೋಡಿದ್ದು. ಹೇಳುವುದು ಇನ್ನೂ ಕಷ್ಟವಾಯಿತು.

"ಅತ್ತಿಗೆ, ಆ ತುಳಸಿ ಗುಡ್ಡದ್ದಲ್ಲ."

"ಯಾವ ತುಳಸಿ?"

"ತಟ್ಟೆದು."

"ಮತ್ತೆ ಯಾರದ್ದು?"

"ಕೃಷ್ಣನದ್ದು."

ಅವರು ಕಾಫಿ ಲೋಟವನ್ನು ಕೆಳಗಿಟ್ಟರು. ನಾನು ಏಡಿಯ ಮಾತಿನಿಂದ ಹಿಡಿದು ಸುಟ್ಟ ಮಣ್ಣಿನವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕುಳಿತರೆ, ಬಂದದ್ದು ಪ್ರಶ್ನೆ.

"ದಿನಾ ಹಾಕ್ತಿದ್ದಿಯಾ?"

"ದಿನಾ."

"ಕದಿರು ಸಮೇತ?"

"ಕದಿರಿಲ್ಲದೆ ದೇವರಿಗೆ ಏರಿಸುದು ಹೇಗೆ?"

"ಎಲ್ಲ ತಟ್ಟೆಗೂ?"

"ಹುರಿದದ್ದು ಬಿಟ್ಟು ಎಲ್ಲದಕ್ಕೂ. ಒಂದಕ್ಕೆ ಹಾಕಿ ಒಂದಕ್ಕೆ ಬಿಟ್ಟರೆ ಪಕ್ಷಪಾತ ಆಗ್ತದೆ ಅಂತ."

"ಅಚ್ಚುಕಟ್ಟು ಮಾಡಿದ್ದೀ." ಅವರ ಮುಖದಲ್ಲಿ ನಗುವಿರಲಿಲ್ಲ. "ನೀನು ಹೆರಿಗೆಗೆ ಉಡುಪಿಗೆ ಹೋದದ್ದು ಯಾವಾಗ?"

"ದೀಪಾವಳಿ ಮುಗಿಸಿ. ಬಂದದ್ದು ಮಗಳಿಗೆ ಮೂರು ತಿಂಗಳು ತುಂಬಿದ ಮೇಲೆ."

"ನೀನು ಇಲ್ಲದಾಗ ಪೂಜೆ?"

"ನಿಮ್ಮ ತಮ್ಮ ದೀಪ ಹಚ್ಚುದೇ ಹೆಚ್ಚು. ತುಳಸಿ ಯಾರು ಕೊಯ್ತಾರೆ?"

ಅವರು ಎದ್ದು ಹೋಗಿ ಕಪಾಟಿನ ತಳದಿಂದ ಹಳೆಯ ಪುಸ್ತಕಗಳ ಗಂಟು ಬಿಚ್ಚಿದರು. ಬೆರಳಲ್ಲಿ ಸಾಲು ಹಿಡಿದು ಪುಟ ತಿರುಗಿಸುತ್ತ ಒಂದು ಕಡೆ ನಿಂತರು. ದೀಪಾವಳಿ ಕಳೆದು ಹದಿನೈದಿಪ್ಪತ್ತು ದಿನಕ್ಕೆ ತುಳಸಿಯ ಮೊಳಕೆ ನಿಂತುಹೋಗಿದೆ. ನಾನು ಬಂದ ಮೇಲೆ ಮತ್ತೆ ಶುರು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅವರದೇ ಅಕ್ಷರ: ಚಳಿಗೆ ನಿಂತಿರಬೇಕು.

"ಡೊಂಬಿವಲಿಯಲ್ಲಿ ಎಂತ ಚಳಿ ಅತ್ತಿಗೆ?" ಎಂದೆ. ಹೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು.

ಅವರು ಪುಸ್ತಕವನ್ನು ತೊಡೆಯ ಮೇಲಿಟ್ಟು ಇನ್ನೊಂದು ಪುಟ ತೆರೆದರು. ಅಂಗಳದ ಮಾತನ್ನೂ ಪುಸ್ತಕದಲ್ಲಿ ಪೆನ್ಸಿಲಿನಲ್ಲೇ ಬರೆದಿದ್ದರು. "ಅಚ್ಚು ಹಾಕುವಾಗ ಪೆನ್ಸಿಲು ಪೆನ್ನು ಎರಡೂ ಒಂದೇ ಕಪ್ಪು ಆಗ್ತದೆ" ಎಂದರು. ಆಮೇಲೆ, "ಅದೊಂದೇ ಪ್ರಬಂಧ ಜನ ಓದಿದ್ದು ಮಾರಾಯ್ತಿ. ಉಳಿದದ್ದೆಲ್ಲ ಸರಿಯಾಗಿತ್ತು, ಅದನ್ನು ಯಾರೂ ಓದ್ಲಿಲ್ಲ."

ಆ ಮಾತು ನನ್ನ ಎದೆಗೆ ನಾಟಿತು. ಮಳೆಯಲ್ಲಿ, ಬಿಸಿಲಲ್ಲಿ, ಚೀಲ ಹೊತ್ತು ಈ ಹೆಂಗಸು ಅಲೆದದ್ದನ್ನು ನೋಡಿದವಳು ನಾನು.

"ನಿಮಗೆ ಬೇಡ ಅಂದ್ರೆ ನಾನು ಇದನ್ನು ಯಾರ ಹತ್ರವೂ ಹೇಳುದಿಲ್ಲ ಅತ್ತಿಗೆ. ದೇವರಾಣೆ."

"ಆ ಹುಡುಗಿ ನಿನ್ನ ಕೃಷ್ಣನ ತುಳಸಿ ಹುಡುಕಿಕೊಂಡು ಮೂರು ವರ್ಷ ಗುಡ್ಡ ಅಗೀಬೇಕಾ? ಆ ಫೋನ್ ತಾ."

ಸ್ಪೀಕರಿನಲ್ಲೇ ಮಾತಾಡಿದರು, ಮರಾಠಿಯಲ್ಲಿ, ಹಿಂದಿಯಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ. ಸುತ್ತಿ ಬಳಸಲಿಲ್ಲ. ಸೋಮವಾರದ ಫಾರ್ಮ್ ನಿಲ್ಲಿಸು, ತುಳಸಿ ನಮ್ಮ ದೇವರಮನೆಯದ್ದು, ಪತ್ರಿಕೆಗೆ ನಾನೇ ತಿದ್ದುಪಡಿ ಬರೆಯುತ್ತೇನೆ. ಆ ಕಡೆಯಿಂದ ಮೆಲ್ಲಗೆ, "ಕಾಕೂನೇ ಕೇಲಂ?" ಎಂಬ ಪ್ರಶ್ನೆ. ಕಾಕೂ ಮಾಡಿದ್ದಾ ಎಂದು. ನಾನು ಹಿಂದಿನಿಂದ "ಹೋ" ಎಂದು ಒಪ್ಪಿಕೊಂಡೆ.

"ಮ್ಯಾಡಮ್, ಸೆಮಿನಾರ್ ಮುಂದಕ್ಕೆ ಹಾಕೋಣವಾ?"

"ಬೇಡ. ಮೊದಲ ಮಾತು ನಾನೇ ಆಡ್ತೇನೆ. ತುಳಸಿದೇ. ಹುರಿದ ಮಣ್ಣು ಇಟ್ಟವಳಿಗೆ ಮನೆಯೊಳಗಿನ ಮನುಷ್ಯರು ಎಂತ ಮಾಡ್ತಾರೆ ಅಂತ ಕೇಳುವ ಬುದ್ಧಿ ಇರ್ಲಿಲ್ಲ ಅಂತ."

"ಲೋಗ್ ಹಸೇಂಗೇ ಮ್ಯಾಡಮ್."

"ಹಸನೇ ದೋ. ಹಸನೇ ಕೇ ಬಾದ್ ಯಾದ್ ರಹೇಗಾ." ಜನ ನಗುತ್ತಾರೆ ಎಂದು ಅವಳು, ನಗಲಿ, ನಕ್ಕ ಮೇಲೆ ನೆನಪಿರುತ್ತದೆ ಎಂದು ಇವರು.

ಅಷ್ಟರಲ್ಲಿ ಗಂಡ ಕಲ್ಯಾಣದಿಂದ ಬಂದರು. ಚಪ್ಪಲಿ ಬಿಚ್ಚುವ ಮೊದಲೇ ಕತೆಯೆಲ್ಲ ಕೇಳಿಸಿಕೊಂಡು ನನ್ನ ಕಡೆ ನೋಡಿದರು. "ಅಕ್ಕ, ನಾನು ಚೀಲ ಎಸೆದದ್ದು ಒಬ್ಬನ ಶರ್ಟಿಗೆ ಮಾತ್ರ ಬಿತ್ತು. ಇವಳದ್ದು ಎಲ್ಲಿಗೆಲ್ಲ ಬಿದ್ದಿದೆ ನೋಡು."

ಅತ್ತಿಗೆ ಆಗ ನಕ್ಕರು. ಕಣ್ಣು ಒರೆಸಿಕೊಂಡದ್ದು ನಗೆಗೋ ಬೇರೆಯದಕ್ಕೋ ನಾನು ಕೇಳಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ವಿದ್ಯಾರ್ಥಿನಿಯ ಫೋನು ಮತ್ತೆ ಬಂತು. ಆ ಹುಡುಗಿ ಮೊದಲು ಅತ್ತಳಂತೆ. ಆಮೇಲೆ ಖಾಡಿಗೆ ಬೀಳುವ ನಿರ್ಮಾಲ್ಯದಲ್ಲಿ ಎಷ್ಟು ಬೀಜ ಜೀವಂತ ಇರುತ್ತದೆ ಎಂದು ಯಾರಾದರೂ ನೋಡಿದ್ದಾರಾ ಎಂದು ಕೇಳಿದಳಂತೆ. ಕಾಕೂ ಒಂದು ವಾರದ್ದು ಎತ್ತಿಡಬಹುದಾ?

"ಕೊಡ್ತಾಳೆ" ಎಂದರು ಅತ್ತಿಗೆ, ನನ್ನನ್ನು ಕೇಳದೆಯೇ. ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ಆ ಕೃತಜ್ಞತೆಯ ಸಾಲನ್ನೂ ತಿದ್ದಬೇಕು. ನೀರು ಹಾಕಿದ್ದಕ್ಕೆ ಅಂತ ಮಾತ್ರ ಬರೆದಿದ್ದೆ."

"ಅದು ಹಾಗೇ ಇರ್ಲಿ ಅತ್ತಿಗೆ. ನೀರು ಹಾಕಿದ್ದು ನಿಜವಲ್ಲವಾ?"

ಅವರು ಪೆನ್ನು ಹುಡುಕುತ್ತ ಮೇಜಿಗೆ ಹೋದರು. ಪೆನ್ನು ಕಿವಿಯ ಮೇಲೆಯೇ ಇತ್ತು, ನಾನು ಹೇಳಲಿಲ್ಲ. ಬೆಳಿಗ್ಗೆಯ ಹಿಟ್ಟು ಅಡುಗೆಮನೆಯಲ್ಲಿ ಹಾಗೆಯೇ ಮುಚ್ಚಿಟ್ಟಿತ್ತು. ತುಸು ಹುಳಿಯೇರಿತ್ತು, ಆದರೆ ಕೆಟ್ಟಿರಲಿಲ್ಲ. ಅದೂ ಅವನ ದಯೆಯೇ. ಬಾಡಲು ಹತ್ತಿದ ಎಲೆಗಳನ್ನು ಒಂದರ ಮೇಲೊಂದು ಹಾಸಿ, ಹಿಟ್ಟು ಸವರಿ, ಸುರುಳಿ ಸುತ್ತಿದೆ. ಹೊರಗಿನಿಂದ ಅತ್ತಿಗೆಯ ದನಿ ಬಂತು.

"ಆ ಕೆಸುವಿನ ಎಲೆ ಎಲ್ಲಿದ್ದು? ರೈಲುಹಳಿ ಪಕ್ಕದ ಗಟಾರದ್ದಲ್ಲವಾ?"

"ಘಣಸೋಲಿ ಊರಿನಿಂದ ಸೊಪ್ಪು ಮಾರಲಿಕ್ಕೆ ಬರುವ ಮಾವಶಿ ತಂದದ್ದು. ಪೆನ್ನಲ್ಲೇ ಬರೆದುಕೊಳ್ಳಿ" ಎಂದು ಹೇಳಿ, ಇಡ್ಲಿಪಾತ್ರೆಯ ತಳಕ್ಕೆ ನೀರು ಹೊಯ್ದು, ಸುರುಳಿಗಳನ್ನು ಬೇಯಲು ಇಟ್ಟೆ.